ಭೌತವಾದಿಗೆ ತತ್ತ್ವಶಾಸ್ತ್ರ ಬೇಕೆ?

ಸಮಾಜವಾದವನ್ನು ಒಪ್ಪಿದ ತರುಣರಲ್ಲಿ ಒಂದು ಮಾತು ಆಗಾಗ ಕೇಳಿಬರುವುದುಂಟು. ತತ್ತ್ವಶಾಸ್ತ್ರವೆಂದರೆ ಹೊಟ್ಟೆ ತುಂಬಿದವರ ಕಾಲಹರಣ. ಭೂಮಿ, ನೀರು, ಕೂಲಿ, ಬೆಲೆ ಇವುಗಳ ವಿಚಾರವನ್ನು ಬಿಟ್ಟು ಆತ್ಮ, ಜಗತ್ತು, ಜ್ಞಾನ ಎಂದು ಚರ್ಚಿಸುತ್ತ ಕುಳಿತವನಿಂದ ದುಡಿಯುವ ಜನಕ್ಕೆ ಆಗಬೇಕಾದುದೇನೂ ಇಲ್ಲ ಎಂದು. ಈ ಮಾತಿನ ಹಿಂದಿರುವ ಅಸಹನೆಯನ್ನು ನಾನು ಅಲ್ಲಗಳೆಯಲಾರೆ. ಬಡವನಿಗೆ ಅನ್ನದ ಬದಲು ಸಮಾಧಾನವನ್ನು ಹಂಚುವ ಊಳಿಗಕ್ಕೆ ನಮ್ಮ ವೇದಾಂತವು ಎಷ್ಟೋ ಸಲ ನಿಂತಿದೆ. ಆದರೆ ಆ ಕಾರಣಕ್ಕಾಗಿ ತತ್ತ್ವವಿಚಾರವನ್ನೇ ತೊರೆದರೆ ಹೆಚ್ಚು ನಷ್ಟವಾಗುವುದು ಸಮಾಜವಾದಕ್ಕೇ ಎಂಬುದು ನನ್ನ ಅಭಿಪ್ರಾಯ.

ಭೌತವಾದವು ಯುರೋಪಿನಿಂದ ಬಂದ ಹೊಸ ಸರಕೆಂದು ಅದರ ವಿರೋಧಿಗಳಂತೆ ಕೆಲವು ಅಭಿಮಾನಿಗಳೂ ತಿಳಿದಿರುವರು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಪಂಪನ ತಾಯಿಯ ಕಡೆಯ ಊರು. ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಕೊರೆಯಿಸಿದ ಶಾಸನವು, ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಸುತ್ತದೆ. ಆ ಪಂಪನು ಕ್ರಿ. ಶ. ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ ಮಹಾಬಲ ರಾಜನ ಮಂತ್ರಿಗಳ ನಡುವೆ ಒಂದು ತತ್ತ್ವವಾದ ನಡೆಯುತ್ತದೆ. ಭೂತಗಳ ಕೂಟದಿಂದಲೇ ಚೈತನ್ಯ ಹುಟ್ಟುತ್ತದೆ, ದೇಹ ಅಳಿದರೆ ಉಳಿಯುವ ಜೀವವೆಂಬುದಿಲ್ಲ ಎಂಬ ಪಕ್ಷವೂ ಅಲ್ಲಿದೆ. ಸ್ವಯಂಬುದ್ಧನೆಂಬ ಮಂತ್ರಿ ಅದನ್ನು ಖಂಡಿಸುತ್ತಾನೆ. ಕವಿ ಯಾರ ಕಡೆಗಿದ್ದಾನೆಂಬುದರಲ್ಲಿ ಸಂಶಯವಿಲ್ಲ. ಆದರೂ ಭೂತವಾದಿಯನ್ನು ಸಭೆಯಿಂದ ಅಟ್ಟಿಲ್ಲ. ಅವನಿಗೆ ಆಸನವಿದೆ, ಅವನ ಮಾತಿಗೆ ವಾದದಿಂದಲೇ ಉತ್ತರವಿದೆ.

ನಮ್ಮ ಲೋಕಾಯತರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ಅಳಿದುಹೋಗಿವೆ. ಅವರ ವಿಚಾರ ನಮಗೆ ದೊರೆಯುವುದು ಹೆಚ್ಚಾಗಿ ಅವರನ್ನು ಖಂಡಿಸಿದವರ ಬರಹಗಳಲ್ಲಿ. ದೇವೀಪ್ರಸಾದ ಚಟ್ಟೋಪಾಧ್ಯಾಯರು ೧೯೫೯ರಲ್ಲಿ ಪ್ರಕಟವಾದ ‘ಲೋಕಾಯತ’ದಲ್ಲಿ ಇಂಥ ಚೂರುಗಳನ್ನು ಕೂಡಿಸಿಯೇ ಆ ಪರಂಪರೆಯನ್ನು ಮರಳಿ ಕಟ್ಟಲು ಯತ್ನಿಸಬೇಕಾಯಿತು. ತನ್ನ ವಾದವನ್ನು ತಾನೇ ಕಾಪಾಡಿಕೊಳ್ಳಲಾರದ ದರ್ಶನವು ಎದುರಾಳಿಯ ಬಾಯಿಂದ ಮಾತನಾಡಬೇಕಾಗುವುದು.

ಮಾರ್ಕ್ಸನು ಇದನ್ನು ಬಲ್ಲವನಾಗಿದ್ದನು. ೧೮೪೧ರಲ್ಲಿ ಅವನು ಡಾಕ್ಟರೇಟ್ ಪಡೆದುದು ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸ್ ಎಂಬ ಪ್ರಾಚೀನ ಗ್ರೀಕ್ ಭೌತವಾದಿಗಳನ್ನು ಕುರಿತ ಪ್ರಬಂಧಕ್ಕೆ. ೧೮೪೫ರಲ್ಲಿ ಫಾಯರ್‌ಬಾಕನನ್ನು ಕುರಿತು ಬರೆದ ಟಿಪ್ಪಣಿಗಳ ಕೊನೆಯಲ್ಲಿ, ಲೋಕವನ್ನು ವಿವರಿಸಿ ಅಷ್ಟಕ್ಕೇ ನಿಂತ ತತ್ತ್ವಜ್ಞರನ್ನು ಅವನು ಆಕ್ಷೇಪಿಸಿದುದು ನಿಜ. ನಮ್ಮ ತರುಣರು ಈ ಕೊನೆಯ ಟಿಪ್ಪಣಿಯನ್ನು ಬಾಯಿಪಾಠ ಮಾಡಿ ಮೊದಲನೆಯದನ್ನು ಮರೆಯುವರು. ಅಲ್ಲಿ ಅವನ ಟೀಕೆ ಹಳೆಯ ಭೌತವಾದದ ಮೇಲೆ: ಅದು ಲೋಕವನ್ನು ಎದುರಿಗಿರುವ ವಸ್ತುವೆಂದಷ್ಟೇ ಕಂಡಿತು, ಮನುಷ್ಯನ ಕ್ರಿಯೆಯನ್ನು ಕಾಣಲಿಲ್ಲವೆಂದು. ೧೯೧೪ರಲ್ಲಿ ಮಹಾಯುದ್ಧ ಆರಂಭವಾಗಿ, ಯುರೋಪಿನ ಸಮಾಜವಾದಿ ಪಕ್ಷಗಳು ಬಹುಪಾಲು ತಮ್ಮ ತಮ್ಮ ಸರಕಾರಗಳ ಬೆನ್ನಿಗೆ ನಿಂತಾಗ, ಲೆನಿನ್ನನು ಬರ್ನ್ ನಗರದಲ್ಲಿ ಕುಳಿತು ಹೆಗೆಲನ ತರ್ಕಶಾಸ್ತ್ರವನ್ನು ಓದಿ ಟಿಪ್ಪಣಿ ಮಾಡಿದನು. ಅದು ಕಾಲಹರಣವೆಂದು ಯಾರು ಹೇಳಿಯಾರು?

ಇದು ಗ್ರಂಥದ ಮಾತಾಯಿತು; ಹೊಲದ ಮಾತಿಗೆ ಬರೋಣ. ಮಲಪ್ರಭಾ ಯೋಜನೆಯ ಕಾಲುವೆಗಳು ನವಲಗುಂದ ತಾಲೂಕಿನ ಎರೆಭೂಮಿಗೆ ಬಂದುವು. ಅಣ್ಣಿಗೇರಿಯೂ ಆಗ ಅದೇ ತಾಲೂಕಿನಲ್ಲಿತ್ತು. ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚುವುದೆಂದು ಸರಕಾರವು ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನು ಕೇಳಿತು. ನೀರು ಸರಿಯಾಗಿ ತಲುಪದ ಹೊಲಕ್ಕೆ ಕರವೆಲ್ಲಿಯದು ಎಂದು ರೈತರು ಕೇಳಿದರು. ೧೯೮೦ರ ಜುಲೈ ೨೧ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಅಂದಿನ ಹಿಂಸೆಯಲ್ಲಿ ಪೊಲೀಸರೂ ಸತ್ತರು. ಇದು ಕೇವಲ ಲೆಕ್ಕದ ಜಗಳವಾಗಿತ್ತೆ? ಅಭಿವೃದ್ಧಿ ಎಂದರೇನು, ಅದನ್ನು ಅಳೆಯುವ ಅಧಿಕಾರ ಯಾರದು, ನೀರಿನ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆಗಳು ಅದರ ಒಡಲಲ್ಲಿದ್ದುವು. ಅಸಮಾನರಿಗೆ ಒಂದೇ ಅಳತೆಗೋಲನ್ನು ಹಿಡಿದರೆ ಫಲವೂ ಅಸಮಾನವೇ ಆಗುವುದೆಂಬ ವಿಚಾರವನ್ನು ಮಾರ್ಕ್ಸನು ೧೮೭೫ರಲ್ಲಿ ಗೋಥಾ ಕಾರ್ಯಕ್ರಮವನ್ನು ವಿಮರ್ಶಿಸುವಾಗ ಎತ್ತಿದ್ದನು. ಕರ ಎಷ್ಟೆಂಬುದನ್ನು ಅಂಕಿಗಳು ಹೇಳಬಲ್ಲವು. ಅದು ನ್ಯಾಯವೆ ಎಂಬುದನ್ನು ಹೇಳಲಾರವು.

ಇದಕ್ಕೆ ಇನ್ನೊಂದು ಅಪಾಯವೂ ಉಂಟು. ಸೋವಿಯೆತ್ ಒಕ್ಕೂಟವು ತತ್ತ್ವಶಾಸ್ತ್ರವನ್ನು ತೊರೆಯಲಿಲ್ಲ, ಕಡ್ಡಾಯ ಮಾಡಿತು. ಪಕ್ಷದ ಇತಿಹಾಸಕ್ಕಾಗಿ ೧೯೩೮ರಲ್ಲಿ ಸ್ಟಾಲಿನ್ನನು ಬರೆದ ಭೌತವಾದದ ಒಂದು ಅಧ್ಯಾಯವೇ ಕಡೆಯ ಮಾತೆನಿಸಿತು. ಪ್ರಶ್ನೆ ಕೇಳಬೇಕಾದ ಶಾಸ್ತ್ರವು ಉತ್ತರ ಒಪ್ಪಿಸುವ ಪಾಠವಾಯಿತು. ೧೯೯೧ರಲ್ಲಿ ಆ ಒಕ್ಕೂಟ ವಿಸರ್ಜನೆಯಾದುದಕ್ಕೆ ಕಾರಣಗಳು ಅನೇಕ. ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳುವ ಶಕ್ತಿಯನ್ನು ಅದು ಕಳೆದುಕೊಂಡಿದ್ದುದೂ ಅವುಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ತತ್ತ್ವಶಾಸ್ತ್ರವು ಅರ್ಥಶಾಸ್ತ್ರದ ಕೆಲಸವನ್ನು ಮಾಡಲಾರದು. ಕಾಲುವೆಯ ಹೂಳನ್ನೂ ತೆಗೆಯಲಾರದು. ಹೂಳು ತೆಗೆಯುವವರಿಗೆ ನೀರೇಕೆ ತಪ್ಪಿತೆಂದು ಕೇಳುವ ಬುದ್ಧಿಯನ್ನು ಅದು ಎಚ್ಚರವಾಗಿಡಬಲ್ಲದು. ಆದುದರಿಂದ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಬಿನ್ನಹ. ಪಂಪನ ಆ ಸಭಾಪ್ರಸಂಗವನ್ನು ಪಾಠ ಹೇಳುವಾಗ ಭೂತವಾದಿಯ ಪಕ್ಷವನ್ನೂ ಅದರ ಪೂರ್ಣ ಬಲದೊಡನೆ ಮಂಡಿಸಿರಿ. ಸಮಾಜವಾದಿ ತರುಣರು ತಮ್ಮ ಅಧ್ಯಯನ ಕೂಟಗಳಲ್ಲಿ ಸ್ವಯಂಬುದ್ಧನಿಗೂ ಒಂದು ಆಸನವನ್ನು ಕೊಡಲಿ.