ಅಟ್ಟದ ಮೇಲಿನ ಹಳೆಯ ಪಾಲಿಸಿ

ಅವಧಿ ಮುಗಿದ ವಿಮಾ ಪಾಲಿಸಿಗೆ ಬೆಲೆ ಎಷ್ಟು? ರದ್ದಿ ಅಂಗಡಿಯವನು ಕೊಡುವಷ್ಟು ಎನ್ನುವವರೇ ಹೆಚ್ಚು. ಆದರೆ ಅಮೆರಿಕದಲ್ಲಿ ನಲವತ್ತು, ಐವತ್ತು ವರ್ಷ ಹಳೆಯ ಪಾಲಿಸಿಗಳನ್ನು ಹುಡುಕಿಕೊಡುವುದೇ ಒಂದು ವೃತ್ತಿ. ಈ ಕೆಲಸ ಮಾಡುವವರನ್ನು ಅಲ್ಲಿ ‘ವಿಮಾ ಪುರಾತತ್ವಜ್ಞರು’ ಎಂದೇ ಕರೆಯುತ್ತಾರೆ!

ಇದರ ಹಿನ್ನೆಲೆಯಲ್ಲಿ ಒಂದು ಶಾಲೆಯ ಕಥೆಯಿದೆ. ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ಎಂಬಲ್ಲಿ ಹೂಕರ್ ಕೆಮಿಕಲ್ ಕಂಪನಿ 1942ರಿಂದ ಸುಮಾರು ಹತ್ತು ವರ್ಷ ರಾಸಾಯನಿಕ ತ್ಯಾಜ್ಯ ಹೂಳಿತು. ಅದರ ಪ್ರಮಾಣ 20 ಸಾವಿರ ಟನ್ನಿಗೂ ಹೆಚ್ಚು. 1953ರಲ್ಲಿ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಬರೆದುಕೊಟ್ಟಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಎದ್ದವು. ನೆಲದಡಿಯ ವಿಷ ನಿಧಾನವಾಗಿ ಮನೆಗಳ ನೆಲಮಾಳಿಗೆಗೆ ಜಿನುಗಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಿದರು. ಶಾಲೆ ಮುಚ್ಚಿತು, ನೂರಾರು ಕುಟುಂಬಗಳು ಮನೆ ತೊರೆದವು.

ಇದರ ಫಲವಾಗಿ 1980ರಲ್ಲಿ ‘ಸೂಪರ್‌ಫಂಡ್’ ಕಾನೂನು ಬಂತು. ವಿಷ ಸುರಿದದ್ದು ಎಷ್ಟೇ ಹಿಂದೆಯಾಗಲಿ, ಶುದ್ಧೀಕರಣದ ಖರ್ಚು ತಪ್ಪದು. ಸುರಿದವರಷ್ಟೇ ಅಲ್ಲ, ಸಾಮಾನ್ಯವಾಗಿ ಜಾಗದ ಈಗಿನ ಮಾಲೀಕರೂ ಹೊಣೆಗಾರರು. ದೊಡ್ಡ ಕಾರ್ಖಾನೆಗಳಿಗೆ ಮಾತ್ರವಲ್ಲ, ಬಟ್ಟೆ ಡ್ರೈಕ್ಲೀನ್ ಮಾಡುವ ಸಣ್ಣ ಅಂಗಡಿಗೂ ಈ ಬಿಸಿ ತಟ್ಟಬಹುದು. ಅಲ್ಲಿ ಬಳಸುವ ಪರ್ಕ್ಲೋರೋಎಥಿಲೀನ್ ದ್ರವ ನೀರಿಗಿಂತ ಭಾರ. ನೆಲದ ಬಿರುಕಿನಲ್ಲಿ ಇಳಿದರೆ ಅಂತರ್ಜಲದವರೆಗೂ ಹೋಗುತ್ತದೆ. ಅದನ್ನು ತೆಗೆಯುವ ಖರ್ಚು ಅಂಗಡಿಯ ಬೆಲೆಯನ್ನೇ ಮೀರಬಹುದು. ಅಪ್ಪ ಕಟ್ಟಿದ ಅಂಗಡಿ ಮಗನಿಗೆ ಆಸ್ತಿಯ ಬದಲು ಸಾಲವಾದರೆ ಗತಿ ಏನು?

ಹಳೆಯ ಪಾಲಿಸಿ ನೆರವಿಗೆ ಬರುವುದು ಇಲ್ಲೇ. ಆ ಕಾಲದ ವ್ಯಾಪಾರಿಗಳು ಅನ್ಯರಿಗೆ ಆಗಬಹುದಾದ ಹಾನಿಗೆಂದು ‘ಸಾಮಾನ್ಯ ಹೊಣೆಗಾರಿಕೆ ವಿಮೆ’ ಮಾಡಿಸುತ್ತಿದ್ದರು. 1966ರ ಪ್ರಮಾಣಿತ ನಮೂನೆಯಲ್ಲಿ ಮುಖ್ಯವಾದದ್ದು ಹಾನಿ ಆದ ಕಾಲ, ಅದು ಪತ್ತೆಯಾದ ಕಾಲವಲ್ಲ. ಹಾನಿ ಆಗುತ್ತಿದ್ದಾಗ ಪಾಲಿಸಿ ಜಾರಿಯಲ್ಲಿದ್ದರೆ ಮೂವತ್ತು ವರ್ಷದ ಮೇಲೂ ಪರಿಹಾರ ಕೇಳಬಹುದು. ಹಾನಿ ಹಲವು ವರ್ಷ ಮುಂದುವರಿದಿದ್ದರೆ ಆ ಎಲ್ಲ ವರ್ಷಗಳ ಪಾಲಿಸಿಗಳೂ ಅನ್ವಯಿಸಬಹುದೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1995ರಲ್ಲಿ ಮಾಂಟ್ರೋಸ್ ಮೊಕದ್ದಮೆಯಲ್ಲಿ ಹೇಳಿತು. ಇಂಥ ವಿಮೆ ಮಾಲೀಕನ ಸ್ವಂತ ಜಾಗಕ್ಕಾದ ಹಾನಿಗೆ ಅಲ್ಲ, ನಿಜ. ಆದರೆ ಅಂತರ್ಜಲ ಅವನೊಬ್ಬನ ಸೊತ್ತಲ್ಲವಲ್ಲ!

ವಿಮಾ ಕಂಪನಿಗಳು ಸುಮ್ಮನೆ ಕೂರಲಿಲ್ಲ. 1973ರ ನಮೂನೆಯಲ್ಲಿ ಮಾಲಿನ್ಯವನ್ನು ಹೊರಗಿಟ್ಟು, ‘ಹಠಾತ್ತಾದ, ಆಕಸ್ಮಿಕ’ ಘಟನೆಗೆ ಮಾತ್ರ ವಿನಾಯಿತಿ ಕೊಟ್ಟವು. ‘ಹಠಾತ್’ ಎಂದರೇನು? ಈ ಒಂದು ಪದದ ಬಗ್ಗೆ ಒಂದೊಂದು ರಾಜ್ಯದ ನ್ಯಾಯಾಲಯ ಒಂದೊಂದು ಅರ್ಥ ಹೇಳಿತು. 1986ರ ನಮೂನೆ ಮಾಲಿನ್ಯದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ಹೀಗಾಗಿಯೇ ಅದಕ್ಕಿಂತ ಹಿಂದಿನ ಪಾಲಿಸಿಗೆ ಅಷ್ಟು ಬೆಲೆ.

ಪಾಲಿಸಿಯೇ ಕಳೆದುಹೋಗಿದ್ದರೆ? ಹಳೆಯ ಲೆಕ್ಕದ ಪುಸ್ತಕ, ಕಂತು ಕಟ್ಟಿದ ಚೆಕ್ಕಿನ ಚೂರು, ಬಾಡಿಗೆ ಕರಾರು, ಏಜೆಂಟರ ಕಡತ, ಇವು ಸಾಕ್ಷಿಯಾಗಬಲ್ಲವು. ಆದರೂ ಎಲ್ಲರಿಗೂ ಹಣ ಸಿಕ್ಕೀತೆಂದಲ್ಲ. ವಿಮಾ ಕಂಪನಿಯೇ ದಿವಾಳಿಯಾಗಿರಬಹುದು; ವಿಷಯ ತಿಳಿದೂ ತಡವಾಗಿ ತಿಳಿಸಿದರೆ ಹಕ್ಕು ಕೈತಪ್ಪಬಹುದು.

ನಮ್ಮ ದೇಶದ ದಾರಿ ಬೇರೆ. 1984ರ ಭೋಪಾಲ್ ದುರಂತದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಮುಖ್ಯವಾಗಿ ಅಪಘಾತಕ್ಕೆ ಸಿಕ್ಕವರಿಗೆ ಶೀಘ್ರ ಪರಿಹಾರ ಒದಗಿಸಲು. ಕೆಟ್ಟ ನೆಲದ ವಿಷಯದಲ್ಲಿ, ಕೆಡಿಸಿದವರೇ ಶುದ್ಧಿಯ ಖರ್ಚನ್ನೂ ಕೊಡಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ರಾಜಸ್ಥಾನದ ಬಿಛ್ಡಿ ಗ್ರಾಮದ ಪ್ರಕರಣದಲ್ಲಿ ತೀರ್ಪಿತ್ತಿತು.

ಮಣ್ಣು ತನ್ನೊಳಗೆ ಸುರಿದದ್ದನ್ನು ಬೇಗ ಮರೆಯುವುದಿಲ್ಲ. ಮನುಷ್ಯರು ಮರೆಯುತ್ತಾರೆ, ಅವರಿಗೆ ನೆನಪಿಸಲು ಕಾಗದ ಬೇಕು. ಈ ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸುವ ಮಕ್ಕಳು ಹಳೆಯ ಕಟ್ಟನ್ನು ರದ್ದಿಗೆ ಹಾಕುವ ಮುನ್ನ ಹಿರಿಯರೊಡನೆ ಕುಳಿತು ಒಮ್ಮೆ ಬಿಚ್ಚಿ ಓದಲಿ.