ವಲ್ಗ, ವಲ್ಕ ಮತ್ತು ಜತ್ತ

ನಡುರಾತ್ರಿಯ ಸೂರ್ಯನನ್ನು ನೋಡಲು ಹೋಗಿಬಂದವರು ಬರೆಯುವುದನ್ನು ಓದುವಾಗೆಲ್ಲ ನನಗೊಂದು ತಕರಾರು. ಕನ್ನಡದ ಪ್ರವಾಸಿಗೆ ಉತ್ತರ ಯುರೋಪೆಂದರೆ ಸ್ವಚ್ಛ ರಸ್ತೆ, ಹಾರ್ನ್ ಹೊಡೆಯದ ಜನ, ಕೈಸುಡುವ ಕಾಫಿ ಬೆಲೆ. ಮೂರೂ ನಿಜವೇ. ಕಳೆದ ವರ್ಷ ಜೂನಿನಲ್ಲಿ ಬಾಡಿಗೆ ಕಾರು ಹಿಡಿದು ಒಬ್ಬಳೇ ವಿಲ್ನಿಯಸ್‌ನಿಂದ ಹೊರಟು ರೀಗಾ, ಟಾರ್ಟು, ಟಾಲಿನ್ ಮುಗಿಸಿ, ಕಾರನ್ನು ಹಡಗಿಗೆ ಹತ್ತಿಸಿ ಹೆಲ್ಸಿಂಕಿಯಲ್ಲಿ ಇಳಿದು, ಅಲ್ಲಿಂದ ಉತ್ತರಕ್ಕೆ ನಾರ್ವೆಯ ಕಾರಾಶೋಕ್‌ವರೆಗೆ ಹೋದೆ. ರಸ್ತೆಗೆ ಅಡ್ಡ ನಿಂತ ಹಿಮಸಾರಂಗಗಳು ಹಾರ್ನಿಗೂ ಜಗ್ಗುವುದಿಲ್ಲ, ನಮ್ಮ ಎಮ್ಮೆಗಳ ಹಾಗೇ. ಆದರೆ ಆ ದಾರಿಯಲ್ಲಿ ಕನ್ನಡಿಗರು ನೋಡಲೇಬೇಕಾದದ್ದು ಸೂರ್ಯನನ್ನಲ್ಲ, ಗಡಿಯನ್ನು ಎಂಬುದು ನನ್ನ ವಾದ. ನಮ್ಮಷ್ಟು ಗಡಿಯ ಬಗ್ಗೆ ಮಾತಾಡುವವರು ಕಡಿಮೆ. ನಮ್ಮಷ್ಟು ಕಡಿಮೆ ಅದನ್ನು ಹೋಗಿ ನೋಡಿದವರೂ ಕಡಿಮೆ.

ನಾನಿರುವುದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಇಲ್ಲೇ ಇದೆ, ಮನೆಯಿಂದ ನಡೆದು ಹೋಗಬಹುದು. ಅದಾದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟು, ವಿಮೆ, ಹೋಟೆಲ್ ಬುಕಿಂಗು ಹೊತ್ತುಕೊಂಡು ವೀಸಾದ ಸಾಲಿನಲ್ಲಿ ನಿಲ್ಲುವ ಕಥೆ ಎಲ್ಲರಿಗೂ ಗೊತ್ತಿರುವುದೇ. ಒಮ್ಮೆ ಆ ಷೆಂಗೆನ್ ಚೀಟಿ ಅಂಟಿತೆಂದರೆ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ, ಫಿನ್ಲೆಂಡ್, ಸ್ವೀಡನ್, ನಾರ್ವೆ ಆರೂ ದೇಶ ದಾಟಿದರೂ ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಮೊಬೈಲಿಗೆ ಬಂದ ಸಂದೇಶ ನೋಡಿ ದೇಶ ಬದಲಾಗಿದ್ದು ತಿಳಿಯುತ್ತಿತ್ತು.

ಇದರ ನಡುವೆ ವಲ್ಗ ಎಂಬ ಊರಿದೆ. ಅದರ ಇನ್ನರ್ಧದ ಹೆಸರು ವಲ್ಕ. ಮೊದಲ ಮಹಾಯುದ್ಧದ ನಂತರ ಎಸ್ಟೋನಿಯಾ ಮತ್ತು ಲಾಟ್ವಿಯಾ ಸ್ವತಂತ್ರವಾದಾಗ ಎರಡೂ ದೇಶ ಈ ಊರು ತನ್ನದೆಂದವು. ಜಗಳ ಬಗೆಹರಿಯದೆ 1920ರಲ್ಲಿ ಸ್ಟೀಫನ್ ಟಾಲೆಂಟ್ಸ್ ಎಂಬ ಬ್ರಿಟಿಷ್ ಅಧಿಕಾರಿ ಊರಿನ ಮಧ್ಯದಲ್ಲೇ ಗೆರೆ ಎಳೆದ. ದೊಡ್ಡ ಪಾಲು ಎಸ್ಟೋನಿಯಾಕ್ಕೆ, ಉಳಿದದ್ದು ಲಾಟ್ವಿಯಾಕ್ಕೆ. ಸೋವಿಯತ್ ಕಾಲದಲ್ಲಿ ಗೆರೆ ಮಸುಕಾಯಿತು. 1991ರ ನಂತರ ತಪಾಸಣೆ ಸಮೇತ ವಾಪಸು ಬಂತು. 2007ರ ಡಿಸೆಂಬರ್ 21ರಂದು ಎರಡೂ ದೇಶ ಷೆಂಗೆನ್ ಸೇರಿದಾಗ ತಪಾಸಣೆ ಹೋಯಿತು. ಗೆರೆ ಈಗಲೂ ಇದೆ, ಒಂದು ಇಂಚೂ ಆಚೀಚೆ ಸರಿದಿಲ್ಲ. ಜನ ಅದನ್ನು ದಾಟಿ ತರಕಾರಿ ತಂದು ವಾಪಸು ಬರುತ್ತಾರೆ. ‘ಒಂದು ಊರು, ಎರಡು ದೇಶ’ ಎಂಬುದು ಊರಿನ ಘೋಷವಾಕ್ಯ.

ಭಾಷಾಶಾಸ್ತ್ರ ಓದಿದವಳಿಗೆ ಅಲ್ಲಿ ಕಾಲು ಕೀಳಲು ಮನಸ್ಸು ಬರುವುದಿಲ್ಲ. ಎಸ್ಟೋನಿಯನ್ ಫಿನ್ನಿಶ್‌ನ ಹತ್ತಿರದ ನಂಟು, ಯುರಾಲಿಕ್ ಕುಟುಂಬದ್ದು. ಲಾಟ್ವಿಯನ್ ಇಂಡೋ-ಯುರೋಪಿಯನ್, ಅಂದರೆ ಮರಾಠಿಯ ದೂರದ ದಾಯಾದಿ. ಎರಡಕ್ಕೂ ರಕ್ತಸಂಬಂಧವಿಲ್ಲ, ಶತಮಾನಗಳ ನೆರೆಹೊರೆ ಮಾತ್ರ. ಲಾಟ್ವಿಯನ್ನಿನಲ್ಲಿ ಪದದ ಮೊದಲ ಅಕ್ಷರಕ್ಕೇ ಒತ್ತು ಬೀಳುವುದು ಎಸ್ಟೋನಿಯನ್ನಿನ ಸೋದರಿಯಾದ ಲಿವೋನಿಯನ್ ಸಹವಾಸದಿಂದ ಎನ್ನುವ ವಿದ್ವಾಂಸರಿದ್ದಾರೆ. ಕನ್ನಡ-ಮರಾಠಿಯದೂ ಇದೇ ಕಥೆ. ಕೇಳುವವರನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ ಎಂಬ ದ್ರಾವಿಡ ಲಕ್ಷಣ ಮರಾಠಿಯಲ್ಲಿ ‘ಆಪಣ್’, ‘ಆಮ್ಹೀ’ ಎಂದು ಇವತ್ತಿಗೂ ಜೀವಂತವಾಗಿದೆ. ತುಳು, ತೆಲುಗು, ತಮಿಳಿನಲ್ಲೂ ಇದೆ. ಕಳೆದುಕೊಂಡದ್ದು ಕನ್ನಡ! ಗಡಿಯ ಬಗ್ಗೆ ಭಾಷಣ ಮಾಡುವವರ ‘ನಾವು’ ಯಾವ ಬಗೆಯದೆಂದು ಕನ್ನಡದಲ್ಲಿ ಪತ್ತೆ ಹಚ್ಚುವುದು ಕಷ್ಟ. ಮರಾಠಿಯಲ್ಲಾದರೆ ಕೂಡಲೇ ಗೊತ್ತಾಗುತ್ತದೆ.

ಹೀಗಾಗಿ ಈ ಮೇ ತಿಂಗಳಲ್ಲಿ ನನ್ನದೇ ಎಂಎಚ್ 04 ಕಾರಿನಲ್ಲಿ, ಮತ್ತೆ ಒಬ್ಬಳೇ, ಪುಣೆ ದಾಟಿ ಸೊಲ್ಲಾಪುರಕ್ಕೆ ಹೊರಟೆ. ಅಲ್ಲಿಂದ ಅಕ್ಕಲಕೋಟೆ, ಮಂಗಳವೇಢೆ, ಜತ್ತ, ಕೊನೆಗೆ ಮೀರಜ್ ಹತ್ತಿರದ ಕುಪವಾಡ. ವೀಸಾ ಬೇಡ, ಆರು ದೇಶಗಳೂ ಇಲ್ಲ. ಆದರೆ ಹೊರಡುವಾಗ ಅಮ್ಮ, ಟಾಲಿನ್‌ಗೆ ಹೋಗುವಾಗ ಕೇಳದ ಪ್ರಶ್ನೆ ಕೇಳಿದರು: “ಗಲಾಟೆ ಏನೂ ಇಲ್ಲ ತಾನೇ ಈಗ?” 2022ರ ಡಿಸೆಂಬರಿನಲ್ಲೂ 2025ರ ಫೆಬ್ರುವರಿಯಲ್ಲೂ ಎರಡು ರಾಜ್ಯಗಳ ಬಸ್ಸುಗಳು ಗಡಿಯಲ್ಲಿ ನಿಂತದ್ದು, ಮಸಿ ಬಳಿದದ್ದು ಅವರಿಗೆ ನೆನಪಿದೆ.

ಸೊಲ್ಲಾಪುರ ಸಿದ್ಧರಾಮನ ಊರು, ಸೊನ್ನಲಿಗೆ. ಸಿದ್ಧರಾಮನ ಮೇಲೆ ಪುರಾಣ ಬರೆದ ಜಯದೇವಿತಾಯಿ ಲಿಗಾಡೆ ಹುಟ್ಟಿದ್ದೂ ಇಲ್ಲಿಯೇ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯನ್ನು ಕಳಿಸಿಕೊಟ್ಟದ್ದು ಮಹಾರಾಷ್ಟ್ರದ ಈ ಊರು. ಮಂಗಳವೇಢೆ ಬಿಜ್ಜಳನ ಊರು, ಕಲ್ಯಾಣಕ್ಕಿಂತ ಮೊದಲು ಬಸವಣ್ಣ ಇದ್ದದ್ದು ಅಲ್ಲಿ. ಜತ್ತ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು ಗಡಿಯ ಈಚೆ, ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠ ಕಟ್ಟಿದರು. ಅವರ ಶಿಷ್ಯ, ಜಮಖಂಡಿಯ ಗುರುದೇವ ರಾನಡೆ ಮಹಾರಾಷ್ಟ್ರದ ಸಂತರ ಬಗ್ಗೆ ಒಂದು ದೊಡ್ಡ ಗ್ರಂಥ, ಕನ್ನಡದ ಅನುಭಾವಿಗಳ ಬಗ್ಗೆ ಇನ್ನೊಂದು ಗ್ರಂಥ ಬರೆದರು. ಅವರ ಕಾಲದಲ್ಲಿ ಇಲ್ಲಿ ಈ ಗಡಿಯೇ ಇರಲಿಲ್ಲ. ಸೊಲ್ಲಾಪುರ, ವಿಜಾಪುರ ಎರಡೂ ಮುಂಬಯಿ ಪ್ರಾಂತದವು. ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು.

ಜತ್ತದ ಒಂದು ಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅಂಗಡಿಯವರು ನಂಬರ್ ಪ್ಲೇಟು ನೋಡಿ ಮರಾಠಿಯಲ್ಲೇ ಮಾತಾಡಿಸಿದರು. ಮೊಮ್ಮಗನನ್ನು ಬೈದದ್ದು ಕನ್ನಡದಲ್ಲಿ. ನಾನೂ ಕನ್ನಡದಲ್ಲಿ ಬಾಯಿ ತೆರೆದ ಮೇಲೆ, “ಅಯ್ಯ, ನಮ್ಮಾಕಿನ ಏನವಾ ನೀ!” ಎಂದು ಎರಡನೆಯ ಕಪ್ಪಿನ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಮೊಮ್ಮಗ ಯಾವ ಶಾಲೆಗೆ ಹೋಗುತ್ತಾನೆಂದು ಕೇಳಿದೆ. “ಇಂಗ್ಲೀಷ್ ಮೀಡಿಯಂ, ಮತ್ತೆ?” ಎಂದರು. ಬೆಂಗಳೂರಿನಲ್ಲಿ ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು.

ಕುಪವಾಡಕ್ಕೆ ಹೋಗದೆ ಭಾಷಾಶಾಸ್ತ್ರದ ಎಂಎ ಪೂರ್ಣವಾಗುವುದಿಲ್ಲ ಎನ್ನಿ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಬರೆದ ಪ್ರಸಿದ್ಧ ಪ್ರಬಂಧ ಈ ಊರಿನದು. ಕನ್ನಡ, ಮರಾಠಿ, ಉರ್ದು, ಸ್ವಲ್ಪ ತೆಲುಗು, ಎಲ್ಲವೂ ಒಂದೇ ಬೀದಿಯಲ್ಲಿ ಬೆಳೆದು ವ್ಯಾಕರಣವೇ ಒಂದಾಗಿಬಿಟ್ಟಿದೆ, ಪದಕ್ಕೆ ಪದ ಇಟ್ಟರೆ ಅನುವಾದ ಮುಗಿಯುತ್ತದೆ ಎಂದು ಅವರು ತೋರಿಸಿದರು. ‘ಇದು ನಿಮ್ಮ ಮನೆ’ ಎಂಬಲ್ಲಿಗೆ ನಮ್ಮ ಪುಸ್ತಕದ ಕನ್ನಡ ನಿಲ್ಲುತ್ತದೆ. ಕುಪವಾಡದ ಕನ್ನಡ ಮರಾಠಿಯಂತೆ ಕೊನೆಗೊಂದು ‘ಐತಿ’ ಸೇರಿಸುತ್ತದೆ. ಸುಮಾರು ನಲವತ್ತು ವರ್ಷದ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿಗೆ ಹೋಗಿ ಆ ತೀರ್ಮಾನವನ್ನು ಮತ್ತೆ ಒರೆಗೆ ಹಚ್ಚಿದರು. ನನಗೆ ಮುಖ್ಯವೆನಿಸುವುದು ಪ್ರಬಂಧದ ಇನ್ನೊಂದು ಮಾತು. ವ್ಯಾಕರಣ ಒಂದಾದರೂ ಭಾಷೆಗಳು ಬೇರೆಯಾಗಿಯೇ ಉಳಿದವು, ಏಕೆಂದರೆ ಪ್ರತಿ ಮನೆಯೊಳಗೂ ಅದರದೇ ಭಾಷೆ ಇತ್ತು. ಅನುವಾದ ಮಾಡಿ ಬದುಕುವವಳಿಗೆ ಪದಕ್ಕೆ ಪದ ಇಟ್ಟರೆ ಸಾಕೆನ್ನುವ ಊರಿನ ಮೇಲೆ ಕೊಂಚ ಹೊಟ್ಟೆಕಿಚ್ಚೂ ಆಗುತ್ತದೆ.

ಈಗ ತಕರಾರಿಗೆ ಬರುತ್ತೇನೆ. ನಮ್ಮ ಗಡಿಮಾತೆಲ್ಲ ನೆಲದ ಲೆಕ್ಕ. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನು, ಜತ್ತದ ಭಾಗಗಳನ್ನು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡನ್ನು ನಮಗೆ ಹೇಳಿತ್ತು. ಬೆಳಗಾವಿ ನಮ್ಮದೇ ಎಂದಿತ್ತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಿಂದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ. ಜತ್ತದ ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದವೆಂದು 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದಾಗ ನಮ್ಮವರು ಚಪ್ಪಾಳೆ ತಟ್ಟಿದರು. ಆ ಠರಾವಿನ ಬೇರು ಕುಡಿಯುವ, ಬೆಳೆಯುವ ನೀರಿನಲ್ಲಿತ್ತು, ವ್ಯಾಕರಣದಲ್ಲಲ್ಲ. ನೆಲ ಬರುವವರೆಗೆ ಅಲ್ಲಿನ ಕನ್ನಡ ಕಾಯುತ್ತಾ ಕೂರಬೇಕೇ? ಅರವತ್ತು ವರ್ಷ ಕಾದಾಗಿದೆ.

ಉತ್ತರ ಯುರೋಪು ಸಂತರ ನಾಡೇನಲ್ಲ. 1809ರಲ್ಲಿ ಸ್ವೀಡನ್ ಫಿನ್ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಾಗ ಟೋರ್ನೆ ನದಿಯೇ ಗಡಿಯಾಯಿತು. ಸ್ವೀಡನ್ ದಡದಲ್ಲಿ ಉಳಿದ ಮಕ್ಕಳು ಶಾಲೆಯಲ್ಲಿ ಮನೆಮಾತಾಡಿದರೆ ಶಿಕ್ಷೆ. ಆ ಭಾಷೆ ‘ಮೆಯಾನ್‌ಕಿಯೆಲಿ’, ಅಂದರೆ ‘ನಮ್ಮ ಭಾಷೆ’, ಅಲ್ಪಸಂಖ್ಯಾತ ಭಾಷೆಯೆಂಬ ಮಾನ್ಯತೆ ಪಡೆಯಲು 2000ದವರೆಗೆ ಕಾಯಬೇಕಾಯಿತು. ನಾರ್ವೆಯ ಸಂಸತ್ತು ಸಾಮಿ ಮೊದಲಾದವರ ಕ್ಷಮೆ ಕೇಳಿದ್ದು 2024ರ ನವೆಂಬರಿನಲ್ಲಿ. ಸಾಮಿ ಹೆಸರಿನ ಊರಫಲಕಗಳಿಗೆ ಗುಂಡು ಹೊಡೆದ ಇತಿಹಾಸವೂ ಅಲ್ಲಿದೆ, ನಮ್ಮವರು ಮಸಿಗೇ ನಿಂತಿದ್ದಾರೆ. ಲಾಟ್ವಿಯಾ ಇವತ್ತಿಗೂ ತನ್ನ ರಷ್ಯನ್ ಭಾಷಿಕರ ಜತೆ ಕಠಿಣವಾಗಿದೆ.

ಆದರೂ ಇಂದು ಟೋರ್ನಿಯೊ-ಹಾಪರಾಂಡ ಜೋಡಿ ಊರುಗಳಲ್ಲಿ ಎರಡೂ ಭಾಷೆಯ ಫಲಕಗಳಿವೆ, ಗಂಟೆಯ ವ್ಯತ್ಯಾಸ ಇರುವುದರಿಂದ ಹೊಸವರ್ಷ ಎರಡು ಸಲ ಬರುತ್ತದೆ. ಅದರ ಬೆಲೆ ಎರಡೂ ಕಡೆಯವರು ಕೊಡಬೇಕಾದದ್ದು. ಇಲ್ಲಿ ಕೆಲವು ಓದುಗರಿಗೆ ಸಿಟ್ಟು ಬರಬಹುದು. ಜತ್ತ, ಅಕ್ಕಲಕೋಟೆಯ ಮಗುವಿಗೆ ಕನ್ನಡ ಶಾಲೆ, ಕನ್ನಡದಲ್ಲಿ ಅರ್ಜಿ, ಕನ್ನಡದ ಫಲಕ ಬೇಕೆನ್ನುವ ನಾವು ನಿಪ್ಪಾಣಿ, ಖಾನಾಪುರದ ಮರಾಠಿ ಮಗುವಿಗೆ ಅಷ್ಟನ್ನೇ ತಕರಾರಿಲ್ಲದೆ ಕೊಡಬೇಕು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಬಗ್ಗೆ ಹೇಳುವಾಗ ಯಾವ ರಾಜ್ಯದ ಹೆಸರನ್ನೂ ಹೇಳುವುದಿಲ್ಲ. ಬೆಳಗಾವಿಯಲ್ಲಿ ಕಟ್ಟುನಿಟ್ಟು, ಕಾಸರಗೋಡಿನಲ್ಲಿ ಕಣ್ಣೀರು ಎಂಬ ನಮ್ಮ ನಿಲುವನ್ನು ಕೇರಳವೂ ಮಹಾರಾಷ್ಟ್ರವೂ ಚೆನ್ನಾಗಿ ಓದಿಕೊಂಡಿವೆ.

ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಲಿವೋನಿಯನ್ ಇದೆ. ಲಾಟ್ವಿಯಾದ ಕಡಲಂಚಿನ ಆ ಮೀನುಗಾರ ಹಳ್ಳಿಗಳನ್ನು ಸೋವಿಯತ್ ಸರ್ಕಾರ ಗಡಿ ಭದ್ರತಾ ವಲಯ ಮಾಡಿತು, ಜನ ಚದುರಿದರು. ಅದನ್ನು ತಾಯ್ನುಡಿಯಾಗಿ ಕಲಿತ ಕೊನೆಯವರೆಂದು ಹೇಳಲಾಗುವ ಗ್ರಿಜೆಲ್ಡಾ ಕ್ರಿಸ್ಟಿನ್ 2013ರಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು, ಅದೂ ಕೆನಡಾದಲ್ಲಿ. ಕೊಟ್ಟರೆ ಏನಾಗುತ್ತದೆಂಬುದಕ್ಕೆ ಫಿನ್ಲೆಂಡಿನ ಇನಾರಿ. ಇನಾರಿ ಸಾಮಿಯನ್ನು ಆಡುವವರು ಕೆಲವೇ ನೂರು ಮಂದಿ. ಮಕ್ಕಳ ಬಾಯಲ್ಲಿ ಅದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1997ರಲ್ಲಿ ಒಂದು ಪುಟ್ಟ ಸಂಘ ‘ಭಾಷೆಯ ಗೂಡು’ ತೆರೆಯಿತು. ಶಾಲೆಗೆ ಹೋಗುವ ಮುಂಚಿನ ಮಕ್ಕಳು, ದಿನವಿಡೀ ಆ ಭಾಷೆಯೊಂದನ್ನೇ ಆಡುವ ಹಿರಿಯರು. ಇಷ್ಟೇ ಉಪಾಯ, ನ್ಯೂಜಿಲೆಂಡಿನ ಮಾವೊರಿಗಳಿಂದ ಕಲಿತದ್ದು. ಮುಂದೆ ದೊಡ್ಡವರಿಗೂ ಒಂದು ವರ್ಷದ ತರಬೇತಿ ಕೊಟ್ಟರು. ಇಂದು ಆ ಮಕ್ಕಳೇ ಕಲಿಸುವವರಾಗಿದ್ದಾರೆ.

ನಮ್ಮಲ್ಲಿ ಅಜ್ಜಿಯರಿಗೆ ಬರವಿಲ್ಲ. ಉಮದಿಯಲ್ಲಿ, ಮಂಜೇಶ್ವರದಲ್ಲಿ ಇದ್ದಾರೆ, ವಾಗ್ಳೆ ಎಸ್ಟೇಟಿನ ನಮ್ಮ ಕಟ್ಟಡದಲ್ಲೇ ನಾಲ್ವರಿದ್ದಾರೆ, ಮಧ್ಯಾಹ್ನವಿಡೀ ಟಿವಿಯ ಮುಂದೆ. ಕರ್ನಾಟಕಕ್ಕೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೊಂದಿದೆ. ಭವನ ಕಟ್ಟುವ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಈಚೆ ಮರಾಠಿಗೆ ಆಚೆ ಕನ್ನಡಕ್ಕೆ ಹತ್ತು ಗೂಡು ತೆರೆಯಲು ಎರಡೂ ರಾಜ್ಯ ಕೂಡಬಹುದು. ಅದಕ್ಕೆ ಕೋರ್ಟಿನ ತೀರ್ಪು ಬೇಕಿಲ್ಲ.

ಇನ್ನು, ಉತ್ತರದ ದಾರಿ ಕೇಳಿ ಪತ್ರ ಬರೆದವರಿಗೆ: ಜೂನ್ ಸರಿಯಾದ ತಿಂಗಳು, ಸೊಳ್ಳೆ ವಿಪರೀತ, ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಆರ್‌ಟಿಒದಲ್ಲೇ ಸಿಗುತ್ತದೆ. ಸೊಲ್ಲಾಪುರದ ದಾರಿಗೆ ಮೇ ಬೇಡ, ಸುಟ್ಟುಹೋಗುತ್ತೀರಿ. ಸಂಕ್ರಾಂತಿಗೆ ಹೋಗಿ, ಸಿದ್ಧರಾಮನ ಜಾತ್ರೆ ಇರುತ್ತದೆ.