ಗೊಂಬೆಯ ಹೆಸರು ಹೊತ್ತ ಕುದುರೆ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಫೋಕ್ ಎಂಬುದೊಂದು ಪ್ರಾಂತ. ಅಲ್ಲಿನ ರೈತರು ಅಂಟು ಜೇಡಿಮಣ್ಣಿನ ಹೊಲಗಳನ್ನು ಉಳಲು ಒಂದು ಭಾರಿ ಕುದುರೆಯನ್ನು ಬೆಳೆಸಿದರು. ಕೆಂಗಂದು ಬಣ್ಣ, ಸಾಧು ಸ್ವಭಾವ. ಹೆಸರು ‘ಸಫೋಕ್ ಪಂಚ್’.

ಪಂಚ್ ಎಂದೊಡನೆ ನಮಗೆ ‘ಪಂಚ’ ನೆನಪಾಗುವುದು ಸಹಜವೇ. ಐದು ಪದಾರ್ಥಗಳನ್ನು ಬೆರೆಸಿದ ‘ಪಂಚ್’ ಎಂಬ ಪಾನೀಯದ ಹೆಸರು ನಮ್ಮ ದೇಶದ ಈ ಮಾತಿನಿಂದಲೇ ಹುಟ್ಟಿತೆಂದು ಬಹುಮಂದಿ ಹೇಳುವುದುಂಟು. ಗುದ್ದು ಎಂಬ ಅರ್ಥದ ಪಂಚ್ ಮತ್ತೊಂದು. ಆದರೆ ನಮ್ಮ ಕುದುರೆಗೆ ಇವೆರಡರ ನಂಟೂ ಇಲ್ಲ.

ಇಟಲಿಯ ಹಾಸ್ಯನಾಟಕಗಳಲ್ಲಿ ಪುಲ್ಚಿನೆಲ್ಲ ಎಂಬೊಬ್ಬ ವಿದೂಷಕನಿದ್ದಾನೆ. ಗೂನುಬೆನ್ನು, ಮುಂದೆ ಚಾಚಿದ ಹೊಟ್ಟೆ. ಅವನು ಗೊಂಬೆಯಾಗಿ ಲಂಡನ್ನಿನಲ್ಲಿ ಕುಣಿದುದನ್ನು ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ 1662ರಲ್ಲಿ ಕಂಡು ಬರೆದಿಟ್ಟನು. ಆಂಗ್ಲರ ನಾಲಗೆಯಲ್ಲಿ ಸವೆದು ಸವೆದು ಆ ಉದ್ದನೆಯ ಹೆಸರು ‘ಪಂಚ್’ ಆಯಿತು. ಗಿಡ್ಡಗೆ, ದಪ್ಪಗೆ ಇರುವುದನ್ನೆಲ್ಲ ಜನರು ಪಂಚ್ ಎಂದು ಕರೆಯತೊಡಗಿದ್ದರೆಂಬುದಕ್ಕೆ 1669ರ ಅವನ ದಿನಚರಿಯೇ ಸಾಕ್ಷಿ. ಪೀಪಾಯಿಯಂಥ ಒಡಲೂ ಮೋಟುಗಾಲೂ ಉಳ್ಳ ಕುದುರೆಗೆ ಈ ಹೆಸರು ಅಂಟಿಕೊಂಡುದರಲ್ಲಿ ಆಶ್ಚರ್ಯವೇನು?

ಗೇಲಿಯ ಮಾತು ಕ್ರಮೇಣ ಹೊಗಳಿಕೆಯಾಯಿತು. ಕೊರಳಪಟ್ಟಿಗೆ ಎದೆಯೊಡ್ಡಿ ಭಾರ ಎಳೆಯುವ ಪ್ರಾಣಿಗೆ ಗಿಡ್ಡ ಕಾಲು, ತೂಕದ ಮೈ ಇವೇ ಬಂಡವಾಳ. ಕಾಲಿನ ಬುಡದಲ್ಲಿ ಜೂಲು ಇಲ್ಲದಿರುವುದರಿಂದ ಕೆಸರು ಮೆತ್ತಿಕೊಳ್ಳುವ ಕಾಟವೂ ಕಡಿಮೆ. ಇಂದಿನ ಸಫೋಕ್ ಪಂಚ್‌ಗಳೆಲ್ಲವೂ ತಂದೆಯ ಕಡೆಯಿಂದ, 1768ರಲ್ಲಿ ಹುಟ್ಟಿದ ಒಂದೇ ಗಂಡುಕುದುರೆಯ ಸಂತತಿ. ಅಫರ್ಡ್ ಗ್ರಾಮದ ಕ್ರಿಸ್ಪ್ ಎಂಬಾತ ಅದರ ಒಡೆಯ.

ಇಷ್ಟು ಪುರಾತನವಾದ ವಂಶವೂ ಟ್ರಾಕ್ಟರಿನ ಮುಂದೆ ಸೋತಿತು. ಎರಡನೆಯ ಮಹಾಯುದ್ಧದ ಬಳಿಕ ರೈತರ ಲಾಯಗಳು ಒಂದೊಂದಾಗಿ ಬರಿದಾದವು. 1966ರಲ್ಲಿ ವಂಶಾವಳಿಯ ಪುಸ್ತಕಕ್ಕೆ ಸೇರಿದ ಮರಿಗಳು ಕೇವಲ ಒಂಬತ್ತು! ಪಟ್ಟುಬಿಡದ ಕೆಲವು ಸಾಕಣೆದಾರರಿಂದಾಗಿ ತಳಿ ಉಳಿದುಕೊಂಡಿತು; ಇಂದಿಗೂ ಅದು ಬ್ರಿಟನ್ನಿನ ಅತಿ ವಿರಳ ಕುದುರೆಗಳಲ್ಲೊಂದು.

ಮಾತಿಗೆ ಮೇವು ಬೇಕಿಲ್ಲ. ‘ಪಂಚ್’ ಎಂಬ ಹೆಸರು ನಿಘಂಟಿನ ಪುಟದಲ್ಲಿ ಹೇಗೂ ಬದುಕೀತು. ಹೆಸರನ್ನು ಹೊತ್ತ ಜೀವ ಉಳಿಯಬೇಕಾದರೆ ಅದಕ್ಕೆ ಹೊಲ ಬೇಕು, ಹುಲ್ಲು ಬೇಕು, ನಷ್ಟವಾದರೂ ಸರಿಯೆಂದು ಸಾಕುವ ಒಡೆಯ ಬೇಕು.